ದಾರಿಗೆ ಅಡ್ಡವಾದ ಕಂಬ

ಹೊಲಕ್ಕೆ ಬೇಲಿ ಹಾಕುವ ರೈತನು ಅದೇ ಬೇಲಿಯಲ್ಲಿ ಒಂದು ಕಂಡಿಯನ್ನೂ ಬಿಟ್ಟುಕೊಳ್ಳುತ್ತಾನೆ. ಮಲೆನಾಡು ಮತ್ತು ಕರಾವಳಿಯ ಕಡೆಗಳಲ್ಲಿ ಈ ಕಂಡಿಯ ವ್ಯವಸ್ಥೆಗೆ ಉಣಗೋಲು, ದಣಪೆ, ತಡಮೆ ಮುಂತಾದ ಹೆಸರುಗಳಿವೆ. ಎರಡು ಕಂಬಗಳ ನಡುವೆ ಅಡ್ಡಲಾಗಿ ಸೇರಿಸಿದ ಗಳುಗಳನ್ನು ಸರಿಸಿ ಮನುಷ್ಯನು ಒಳಗೆ ಹೋಗುತ್ತಾನೆ. ದನಕರುಗಳು ಹೊರಗೇ ನಿಲ್ಲುತ್ತವೆ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ಬಂದರೂ, ಕೋಲೂರಿಕೊಂಡು ಮುದುಕನು ಬಂದರೂ ಗಳುಗಳನ್ನು ಸರಿಸಿದರೆ ದಾರಿ ತೆರೆಯುತ್ತದೆ. ಯಾರನ್ನು ತಡೆಯಬೇಕು, ಯಾರನ್ನು ಬಿಡಬೇಕು ಎಂಬ ವಿವೇಚನೆ ನಡೆದ ಮೇಲೆಯೇ ಆ ಗಳು ಅಲ್ಲಿ ನಿಂತಿದೆ. ಬೇಲಿಯನ್ನು ಕುರಿತು ಕನ್ನಡಿಗರಲ್ಲಿ ಇನ್ನೊಂದು ಮಾತೂ ಬಳಕೆಯಲ್ಲಿದೆ. ಕಾಯಬೇಕಾದುದೇ ಕೆಡಿಸಲು ತೊಡಗಿದಾಗ ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎನ್ನುತ್ತಾರೆ.

ಈ ಎರಡರ ನಡುವೆ ಇಂದಿನ ನಗರಗಳ ಒಂದು ಸಣ್ಣ ವಸ್ತುವನ್ನು ಇಟ್ಟು ನೋಡಬಹುದು. ಪಾದಚಾರಿ ಮಾರ್ಗದ ತುದಿಯಲ್ಲಿ, ಉದ್ಯಾನದ ಬಾಗಿಲಿನಲ್ಲಿ, ಸೈಕಲ್ಲಿಗೆಂದು ಬಿಟ್ಟ ಪಥ ಆರಂಭವಾಗುವಲ್ಲಿ, ಮೊಣಕಾಲೆತ್ತರದ ಇಲ್ಲವೆ ಸೊಂಟದೆತ್ತರದ ಕಂಬಗಳನ್ನು ಸಾಲಾಗಿ ನೆಡುತ್ತಾರೆ. ಕೆಲವು ಕಬ್ಬಿಣದವು, ಕೆಲವು ಕಲ್ಲಿನವು. ಎಂಜಿನಿಯರುಗಳು ಇವನ್ನು ಬೊಲಾರ್ಡ್ ಎಂದು ಕರೆಯುತ್ತಾರೆ. ಕಾರು, ಮೋಟಾರ್ ಸೈಕಲ್ಲುಗಳು ನಡೆಯುವವರ ಜಾಗಕ್ಕೆ ನುಗ್ಗಬಾರದೆಂಬುದು ಇವುಗಳ ಉದ್ದೇಶ. ಉದ್ದೇಶವನ್ನು ಯಾರೂ ಆಕ್ಷೇಪಿಸಲಾರರು. ಆದರೆ ನೆಟ್ಟ ಕಂಬವು ಯಾರನ್ನು ತಡೆಯಿತು ಎಂಬುದನ್ನು ನೆಟ್ಟವರು ಮತ್ತೆ ಬಂದು ನೋಡುವುದು ಅಪರೂಪ. ಹಾಗೆ ಬಂದು ನೋಡಿದಲ್ಲಿ ಮೋಟಾರ್ ಸೈಕಲ್ ಸವಾರನು ಕಂಬಗಳ ನಡುವೆ ನುಸುಳಿ ಹೋಗುವುದನ್ನೂ, ಗಾಲಿಕುರ್ಚಿಯಲ್ಲಿ ಬಂದವನು ಅಲ್ಲಿಯೇ ನಿಂತು ಹಿಂದಿರುಗುವುದನ್ನೂ ಕಾಣಬೇಕಾಗುತ್ತದೆ.

ಸೈಕಲ್ ಪಥ, ಬೊಲಾರ್ಡ್ ಎಂಬ ಮಾತುಗಳು ಕೋಲಾರ ಜಿಲ್ಲೆಯ ಜನರಿಗೆ ದೊಡ್ಡ ಊರಿನ ಚಿಂತೆಯಂತೆ ಕೇಳಿಸಬಹುದು. ಚಿನ್ನ, ಹಾಲು, ರೇಷ್ಮೆಗಳಿಗೆ ಹೆಸರಾದ ಈ ಜಿಲ್ಲೆಯಲ್ಲಿ ಸೈಕಲ್ಲು ಎಂದೂ ವಿನೋದದ ವಸ್ತುವಾಗಿರಲಿಲ್ಲ. ಬೆಳಗ್ಗೆಯೂ ಸಂಜೆಯೂ ಕ್ಯಾನುಗಳನ್ನು ಕಟ್ಟಿಕೊಂಡು ಊರ ಡೈರಿಗೆ ಹಾಲು ತರುವವರು, ಸೊಪ್ಪು ತರಕಾರಿಗಳನ್ನು ಪೇಟೆಗೆ ಒಯ್ಯುವವರು, ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಹುಳುಮನೆಗೆ ಸಾಗಿಸುವವರು ಸೈಕಲ್ಲನ್ನೇ ನೆಚ್ಚಿಕೊಂಡಿದ್ದ ಕಾಲವೊಂದಿತ್ತು. ಮೋಟಾರ್ ಸೈಕಲ್ಲು ಆ ಕೆಲಸದ ಬಹುಭಾಗವನ್ನು ಇಂದು ಕಿತ್ತುಕೊಂಡಿದೆಯೆಂಬುದು ನಿಜ. ಆದರೂ ೨೦೧೧ರ ಜನಗಣತಿಯ ವೇಳೆಗೆ ದೇಶದ ನೂರು ಮನೆಗಳಲ್ಲಿ ಸುಮಾರು ೪೫ ಮನೆಗಳವರು ಸೈಕಲ್ ಹೊಂದಿದ್ದರು. ಮೋಟಾರು ದ್ವಿಚಕ್ರ ವಾಹನವಿದ್ದುದು ೨೧ ಮನೆಗಳಲ್ಲಿ ಮಾತ್ರ. ಕರ್ನಾಟಕ ಸರಕಾರವು ೨೦೦೬-೦೭ರಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಕೋವಿಡ್ ಬಂದ ಬಳಿಕ ಆ ಯೋಜನೆ ನಿಂತುಹೋಯಿತಾದರೂ ಅಷ್ಟರಲ್ಲಿ ಸಾವಿರಾರು ಹಳ್ಳಿಗಳ ಹೆಣ್ಣುಮಕ್ಕಳು ಪಕ್ಕದೂರಿನ ಶಾಲೆಗೆ ತಾವಾಗಿಯೇ ಹೋಗಿಬರುವುದನ್ನು ಕಲಿತಿದ್ದರು. ಸೈಕಲ್ ಕೊಟ್ಟ ಸಮಾಜವು ಆ ಸೈಕಲ್ಲು ಸಾಗುವ ದಾರಿಯ ಬಗ್ಗೆ ಅಷ್ಟೇ ಯೋಚಿಸಿತೇ ಎಂಬ ಪ್ರಶ್ನೆ ಉಳಿದೇ ಇದೆ.

ಈ ಜಿಲ್ಲೆಯಲ್ಲಿ ತಡೆಯೆಂಬುದು ಗಿಡ್ಡ ಕಂಬದ ರೂಪಕ್ಕಿಂತ ದೊಡ್ಡ ರೂಪಗಳಲ್ಲಿಯೇ ಹೆಚ್ಚಾಗಿ ಬಂದಿದೆ. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲುಗಳ ಮೂಲಕ ಹೋಗುವ ಹೆದ್ದಾರಿಯು ಹಿಂದೆ ೪ನೆಯ ಸಂಖ್ಯೆಯದು. ಈಗ ಅದಕ್ಕೆ ೭೫ನೆಯ ಸಂಖ್ಯೆ. ರಸ್ತೆ ಅಗಲವಾಗಿ ನಡುವೆ ವಿಭಜಕ ಎದ್ದ ಮೇಲೆ ಎದುರುಬದುರಿನ ಘರ್ಷಣೆ ತಪ್ಪಿತು. ಅದು ದೊಡ್ಡ ಲಾಭ. ಆದರೆ ಇಂತಹ ರಸ್ತೆಗಳ ಒಂದು ಮಗ್ಗುಲಲ್ಲಿ ಮನೆ, ಇನ್ನೊಂದು ಮಗ್ಗುಲಲ್ಲಿ ಹೊಲ ಇರುವ ರೈತನಿಗೆ ನಾಲ್ಕು ಹೆಜ್ಜೆಯ ದಾರಿಯು ಬಹುದೂರದ ಸುತ್ತಾಗಿ ಪರಿಣಮಿಸುತ್ತದೆ. ಸೈಕಲ್ಲನ್ನು ಹೆಗಲ ಮೇಲೆ ಎತ್ತಿಕೊಂಡು ವಿಭಜಕವನ್ನು ದಾಟುವವರು ನಾಡಿನ ಯಾವ ಹೆದ್ದಾರಿಯಲ್ಲಾದರೂ ಕಾಣಸಿಗುತ್ತಾರೆ. ಮಾಲೂರು, ಬಂಗಾರಪೇಟೆ, ಕೆ.ಜಿ.ಎಫ್. ಸೀಮೆಗಳ ಮೂಲಕ ಹಾದಿರುವ ಬೆಂಗಳೂರು–ಚೆನ್ನೈ ವೇಗಮಾರ್ಗದ ಕರ್ನಾಟಕ ಭಾಗವು ಸುಮಾರು ೭೧ ಕಿಲೋಮೀಟರಿನದು. ೨೦೨೪ರ ಕೊನೆಯಲ್ಲಿ ಅದರ ಮೇಲೆ ಸಂಚಾರ ತೊಡಗಿತು. ಎರಡೂ ಅಂಚಿನಲ್ಲಿ ಬೇಲಿ ಹಾಕಿಕೊಂಡು ಓಡುವ ಇಂತಹ ಮಾರ್ಗವನ್ನು ದನ, ಗಾಡಿ, ಸೈಕಲ್ಲು, ಶಾಲೆಯ ಮಗು ಎಲ್ಲವೂ ಕೆಳಸೇತುವೆಯಿರುವಲ್ಲಿಗೆ ಹೋಗಿಯೇ ದಾಟಬೇಕು. ಮಾಲೂರು, ಟೇಕಲ್, ಬಂಗಾರಪೇಟೆಗಳ ಮೂಲಕ ಹೋಗುವ ರೈಲುದಾರಿಯ ಮಾತೂ ಇಂತಹುದೇ. ಕಾವಲಿಲ್ಲದ ರೈಲ್ವೆ ಗೇಟುಗಳನ್ನು ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ೨೦೧೯ರ ಜನವರಿಯ ಹೊತ್ತಿಗೆ ತೆಗೆದುಹಾಕಲಾಯಿತು. ಅದರಿಂದ ಅನೇಕ ಜೀವಗಳು ಉಳಿದವು. ಆದರೆ ಗೇಟಿಗೆ ಬದಲಾಗಿ ಬಂದ ತಗ್ಗಿನ ಕೆಳಸೇತುವೆಗಳಲ್ಲಿ ಮಳೆಯ ನೀರು ನಿಲ್ಲುವುದೂ, ಎತ್ತರದ ಲಾರಿ ನೀರನ್ನು ಸೀಳಿಕೊಂಡು ಹೋಗುವಾಗ ಸೈಕಲ್ಲಿನವನು ದಡದಲ್ಲಿ ನಿಂತು ನೋಡುವುದೂ ರಾಜ್ಯದ ಹಲವೆಡೆ ಮಳೆಗಾಲದ ನಿತ್ಯದೃಶ್ಯ.

ಇದರಿಂದ ತಡೆಗಳೆಲ್ಲವೂ ಕೆಟ್ಟವೆಂಬ ತೀರ್ಮಾನಕ್ಕೆ ಬರುವುದು ಸಲ್ಲದು. ವಾಹನ ನುಗ್ಗದಂತೆ ನಿಂತ ಕಂಬವು ಪಾದಚಾರಿಯ ಪ್ರಾಣವನ್ನು ಉಳಿಸಿದ ಉದಾಹರಣೆಗಳು ಎಷ್ಟೋ. ೨೦೨೨ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು ೧,೬೮,೪೯೧ ಮಂದಿ. ಅವರಲ್ಲಿ ೩೨,೮೨೫ ಮಂದಿ ಪಾದಚಾರಿಗಳು. ಐವರಲ್ಲಿ ಒಬ್ಬರು, ಯಾವ ವಾಹನವನ್ನೂ ಏರದೆ ಕಾಲ್ನಡಿಗೆಯಲ್ಲಿದ್ದವರು. ಇಂತಹ ನಾಡಿನಲ್ಲಿ ನಡೆಯುವವರ ಜಾಗಕ್ಕೆ ಕಾವಲು ಬೇಡವೆಂದು ಹೇಳುವುದು ಹೃದಯಹೀನತೆ. ವಿಚಾರವಿರುವುದು ಕಾವಲಿನ ಸ್ವರೂಪದಲ್ಲಿ. ಬಲವುಳ್ಳ ತಪ್ಪಿತಸ್ಥನನ್ನು ಗುರಿಯಾಗಿಟ್ಟು ನೆಟ್ಟ ಕಂಬವು ಬಲಹೀನನಾದ ನಿರಪರಾಧಿಯನ್ನು ಮೊದಲು ತಡೆಯುವುದಾದರೆ ಆ ಕಾವಲನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಹೀಗಾಗಲು ಕಾರಣ ಬಹಳ ಸರಳವಾದ ಒಂದು ಅಳತೆಯಲ್ಲಿದೆ. ಸಾಮಾನ್ಯ ಮೋಟಾರ್ ಸೈಕಲ್ಲಿನ ಹಿಡಿಕೆಯ ಅಗಲವು ೭೦ರಿಂದ ೮೦ ಸೆಂಟಿಮೀಟರಿನಷ್ಟು. ಗಾಲಿಕುರ್ಚಿಯೂ ಹೆಚ್ಚುಕಡಿಮೆ ಅಷ್ಟೇ ಅಗಲದ್ದು. ಆದರೆ ಚಕ್ರವನ್ನು ತಿರುಗಿಸುವ ಕೈಗಳಿಗೆ ಎರಡು ಬದಿಯಲ್ಲಿಯೂ ಜಾಗ ಬೇಕು. ಅದಕ್ಕಾಗಿಯೇ ಸರ್ವಸುಗಮ್ಯತೆಯನ್ನು ಕುರಿತ ಭಾರತ ಸರಕಾರದ ಮಾರ್ಗಸೂಚಿಗಳು ಕಟ್ಟಡದ ಬಾಗಿಲಿಗೆ ಕನಿಷ್ಠ ೯೦ ಸೆಂಟಿಮೀಟರ್ ತೆರವನ್ನು ಕೇಳುತ್ತವೆ. ಅಂಗವಿಕಲರು ಕೈಯಿಂದ ನಡೆಸುವ ಮೂರು ಚಕ್ರದ ಗಾಡಿ, ಎರಡು ಕಡೆಯೂ ಹಾಲಿನ ಕ್ಯಾನು ತೂಗುವ ಸೈಕಲ್ಲು, ತರಕಾರಿಯ ತಳ್ಳುಗಾಡಿ ಇವು ಇನ್ನೂ ಅಗಲವಾದವು. ಆದ್ದರಿಂದ ಮೋಟಾರ್ ಸೈಕಲ್ಲನ್ನು ತಡೆಯುವಷ್ಟು ಕಿರಿದಾದ ಸಂದಿಯು ಗಾಲಿಕುರ್ಚಿಯನ್ನು ಖಂಡಿತವಾಗಿ ತಡೆಯುತ್ತದೆ. ಗಾಲಿಕುರ್ಚಿಯನ್ನು ಬಿಡುವಷ್ಟು ಅಗಲವಾದ ಸಂದಿಯಲ್ಲಿ ಮೋಟಾರ್ ಸೈಕಲ್ಲು ಸುಲಭವಾಗಿ ತೂರುತ್ತದೆ. ಕಾರಿನ ಮಾತು ಬೇರೆ. ಪಕ್ಕದ ಕನ್ನಡಿಗಳನ್ನು ಸೇರಿಸಿ ಅಳೆದರೆ ಚಿಕ್ಕ ಕಾರೂ ಒಂದೂವರೆ ಮೀಟರನ್ನು ಮೀರುತ್ತದೆ. ಕಂಬದಿಂದ ಕಾರನ್ನು ತಡೆಯುವುದು ಸಾಧ್ಯ. ಮೋಟಾರ್ ಸೈಕಲ್ಲನ್ನು ಕಂಬದಿಂದಲೇ ತಡೆಯಹೊರಟವರು ಯಾವುದೋ ಒಬ್ಬ ನಿಸ್ಸಹಾಯಕನನ್ನು ಅದಕ್ಕೆ ಬೆಲೆಯಾಗಿ ತೆರುತ್ತಾರೆ.

ಈ ಲೆಕ್ಕಾಚಾರವು ವಾದವಾಗಿ, ಚಳವಳಿಯಾಗಿ ಬೆಳೆದ ದೇಶ ಬ್ರಿಟನ್. ಅಲ್ಲಿ ೧೯೭೭ರಲ್ಲಿ ಬ್ರಿಸ್ಟಲ್ ನಗರದಲ್ಲಿ ಆರಂಭವಾದ ಸಸ್ಟ್ರಾನ್ಸ್ ಎಂಬ ದತ್ತಿಸಂಸ್ಥೆಯು, ಬಳಕೆಯಿಲ್ಲದ ಹಳೆಯ ರೈಲುದಾರಿಗಳನ್ನು ನಡಿಗೆಗೂ ಸೈಕಲ್ಲಿಗೂ ಯೋಗ್ಯವಾದ ಹಾದಿಗಳನ್ನಾಗಿ ಮಾಡುವ ಕೆಲಸಕ್ಕೆ ತೊಡಗಿತು. ಹಾದಿಗಳು ಆದವು. ಜೊತೆಗೆ, ಮೋಟಾರ್ ಸೈಕಲ್ಲಿನ ಪುಂಡರು ಬಂದಾರೆಂಬ ಭಯದಿಂದ ಹಾದಿಗಳ ಬಾಯಲ್ಲಿ ಬಗೆಬಗೆಯ ಕಬ್ಬಿಣದ ಚೌಕಟ್ಟುಗಳೂ ಬಂದವು. ಮೇಲ್ಭಾಗ ಕಿರಿದಾಗಿ ಹಿಡಿಕೆಯನ್ನು ಸಿಕ್ಕಿಸುವ ಚೌಕಟ್ಟು, ಒಂದರ ಹಿಂದೊಂದು ಅಡ್ಡವಾಗಿ ನಿಂತು ಸುತ್ತಿ ಬಳಸಿ ಹೋಗುವಂತೆ ಮಾಡುವ ಕಟಕಟೆ, ಒಬ್ಬೊಬ್ಬರನ್ನೇ ಒಳಗೆ ಬಿಡುವ ತಿರುಗುಬಾಗಿಲು — ಹೀಗೆ. ೨೦೧೮ರಲ್ಲಿ ಆ ಸಂಸ್ಥೆಯು ತನ್ನ ರಾಷ್ಟ್ರೀಯ ಸೈಕಲ್ ಜಾಲವನ್ನು ತಾನೇ ಪರಿಶೀಲಿಸಿ, ಅದರಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ತಡೆಗಳಿವೆಯೆಂದು ಬಹಿರಂಗವಾಗಿ ಹೇಳಿತು. ಎಲ್ಲರಿಗೂ ಸಲ್ಲಬೇಕಾದ ಹಾದಿಯು ಈ ತಡೆಗಳಿಂದಾಗಿ ಎಲ್ಲರಿಗೂ ಸಲ್ಲದೆ ಹೋಗಿದೆಯೆಂದು ಒಪ್ಪಿಕೊಂಡು, ಅವನ್ನು ತೆಗೆಯುವ ಇಲ್ಲವೆ ತಿದ್ದುವ ಕೆಲಸವನ್ನು ಕೈಗೊಂಡಿತು. ತನ್ನ ಸಾಧನೆಯ ಲೆಕ್ಕದ ಪಕ್ಕದಲ್ಲಿಯೇ ತನ್ನ ಕುಂದಿನ ಲೆಕ್ಕವನ್ನೂ ಇಡುವ ಧೈರ್ಯವು ಸಾರ್ವಜನಿಕ ಸಂಸ್ಥೆಗಳಲ್ಲಿ ವಿರಳ.

ಆ ಸ್ಥಿತಿಗೆ ತಂದವರು ಊರೂರುಗಳ ಸಣ್ಣ ಗುಂಪುಗಳು. ಎಡಿನ್‌ಬರೋದ ಸ್ಪೋಕ್ಸ್, ಕೇಂಬ್ರಿಡ್ಜಿನ ಕ್ಯಾಮ್‌ಸೈಕಲ್ ಮೊದಲಾದ ಸೈಕಲ್ ಸಂಘಗಳೂ, ಅಂಗವಿಕಲ ಸೈಕಲ್ ಸವಾರರಿಗಾಗಿ ೨೦೦೭ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ವೀಲ್ಸ್ ಫಾರ್ ವೆಲ್‌ಬೀಯಿಂಗ್ ಎಂಬ ಸಂಸ್ಥೆಯೂ ಇವುಗಳಲ್ಲಿ ಹೆಸರಾದವು. ಕಾಲಿಲ್ಲದವನೂ ಸೈಕಲ್ ತುಳಿಯುತ್ತಾನೆಯೇ ಎಂಬ ಸಂದೇಹಕ್ಕೆ ಅವರ ಬದುಕೇ ಉತ್ತರವಾಗಿದೆ: ಕೈಯಿಂದ ನಡೆಸುವ ಸೈಕಲ್ಲಿದೆ, ಮೂರು ಚಕ್ರದ್ದಿದೆ, ಇಬ್ಬರು ಒಟ್ಟಿಗೆ ತುಳಿಯುವುದಿದೆ. ನಡೆಯಲು ಕಷ್ಟಪಡುವ ಅನೇಕರಿಗೆ ಸೈಕಲ್ಲೇ ಊರುಗೋಲು. ಅಂತಹವನಿಗೆ ‘ಇಳಿದು, ಎತ್ತಿಕೊಂಡು ದಾಟು’ ಎಂಬ ಸೂಚನೆಯು ‘ಬರಬೇಡ’ ಎಂಬ ಸೂಚನೆಗೆ ಸಮಾನ. ಈ ಗುಂಪುಗಳ ವಿಧಾನದಲ್ಲಿ ಗದ್ದಲವಿಲ್ಲ. ತಡೆಯಿರುವ ಸ್ಥಳಕ್ಕೆ ಹೋಗಿ ಅಳತೆಪಟ್ಟಿಯಿಂದ ಸಂದಿಯನ್ನು ಅಳೆಯುವುದು, ಚಿತ್ರ ತೆಗೆಯುವುದು, ಯಾರು ಹಿಂದಿರುಗಿದರು ಎಂಬುದನ್ನು ಬರೆದುಕೊಳ್ಳುವುದು, ಸ್ಥಳೀಯ ಆಡಳಿತಕ್ಕೆ ಪತ್ರ ಬರೆಯುವುದು, ಉತ್ತರ ಬಾರದಿದ್ದರೆ ಮತ್ತೆ ಬರೆಯುವುದು. ೨೦೧೦ರ ಸಮಾನತೆಯ ಕಾಯಿದೆ ಅವರ ಕೈಗೆ ಬಲ ಕೊಟ್ಟಿತು. ೨೦೨೦ರಲ್ಲಿ ಅಲ್ಲಿನ ಸರಕಾರವು ಹೊರಡಿಸಿದ ಸೈಕಲ್ ಮಾರ್ಗಗಳ ವಿನ್ಯಾಸ ಸೂಚಿಯು, ಕಂಬ ನೆಡುವುದಾದರೆ ನಡುವೆ ೧.೫ ಮೀಟರ್ ಅಂತರ ಬಿಡಬೇಕೆಂದೂ, ಸುತ್ತಿ ಹೋಗುವಂತೆ ಮಾಡುವ ಕಟಕಟೆಗಳನ್ನು ಬಳಸಬಾರದೆಂದೂ ಹೇಳಿತು.

ಸೈಕಲ್ಲಿನ ತವರೆನಿಸಿದ ನೆದರ್ಲೆಂಡ್ಸಿನ ಅನುಭವವು ಇನ್ನೊಂದು ಮಗ್ಗುಲನ್ನು ತೋರುತ್ತದೆ. ಅಲ್ಲಿ ಸೈಕಲ್ ಹಾದಿಯ ಮಧ್ಯದಲ್ಲಿ ಕಾರುಗಳನ್ನು ತಡೆಯಲೆಂದು ನೆಟ್ಟ ಒಂಟಿ ಕಂಬಗಳಿಗೆ ಸೈಕಲ್ ಸವಾರರೇ, ಅದರಲ್ಲಿಯೂ ವಯಸ್ಸಾದವರು, ಮಂಜಿನಲ್ಲಿಯೋ ಕತ್ತಲಲ್ಲಿಯೋ ಡಿಕ್ಕಿ ಹೊಡೆದು ಬೀಳತೊಡಗಿದರು. ಗುಂಪಿನಲ್ಲಿ ಹೋಗುವಾಗ ಮುಂದಿನವನ ಬೆನ್ನು ಕಂಬವನ್ನು ಮರೆಮಾಡುತ್ತದೆ. ಹಿಂದಿನವನಿಗೆ ಅದು ಕಾಣುವ ಹೊತ್ತಿಗೆ ಸಮಯ ಮೀರಿರುತ್ತದೆ. ಸೈಕಲ್ ಸವಾರರ ಸಂಘವು ಅನಗತ್ಯ ಕಂಬಗಳ ವಿರುದ್ಧ ದನಿಯೆತ್ತಿತು. ‘ಈ ಕಂಬವು ನಿಜವಾಗಿ ಬೇಕೇ?’ ಎಂಬ ಪ್ರಶ್ನೆಯಿಂದ ಅಲ್ಲಿನ ಪರಿಶೀಲನೆ ಆರಂಭವಾಗುತ್ತದೆ. ಬೇಡವೆಂದಾದರೆ ತೆಗೆಯುವುದು, ಬೇಕೆಂದಾದರೆ ಎದ್ದು ಕಾಣುವ ಬಣ್ಣ ಬಳಿದು, ಅದು ಬರುವ ಮುನ್ನವೇ ನೆಲದ ಮೇಲೆ ಗೆರೆಯೆಳೆದು ಎಚ್ಚರಿಸುವುದು. ಕಾಯಲು ನೆಟ್ಟ ಕಂಬವೇ ಕೊಲ್ಲುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆಯೇ ಸರಿ.

ದೂರದ ದೇಶಗಳ ಸಂಗತಿಯೆಂದು ಇದನ್ನು ಬದಿಗೊತ್ತುವ ಅಗತ್ಯವಿಲ್ಲ. ತಡೆಯು ಕಬ್ಬಿಣದ್ದೇ ಆಗಬೇಕೆಂದಿಲ್ಲ, ಆದೇಶದ ರೂಪದಲ್ಲಿಯೂ ಬರಬಹುದು ಎಂಬುದಕ್ಕೆ ಕಲ್ಕತ್ತೆ ಸಾಕ್ಷಿ. ವಾಹನಗಳ ವೇಗಕ್ಕೆ ಅಡ್ಡಿಯಾಗುತ್ತದೆಂಬ ಕಾರಣದಿಂದ ೨೦೧೩ರಲ್ಲಿ ಆ ನಗರದ ೧೭೪ ರಸ್ತೆಗಳಲ್ಲಿ ಸೈಕಲ್ಲನ್ನೇ ನಿಷೇಧಿಸಲಾಯಿತು. ಹಾಲಿನವರು, ಪತ್ರಿಕೆ ಹಂಚುವವರು, ಮನೆಮನೆಗೆ ಸಾಮಾನು ಮುಟ್ಟಿಸುವವರು ದಂಡ ತೆತ್ತರು. ಅದನ್ನು ವಿರೋಧಿಸಿ ನಡೆದ ಚಳವಳಿಗೆ ‘ಚಕ್ರ ಸತ್ಯಾಗ್ರಹ’ ಎಂಬ ಹೆಸರು ಬಂದಿತು. ನಿಷೇಧವು ಪೂರ್ಣವಾಗಿ ಹೋಗದಿದ್ದರೂ ರಸ್ತೆಗಳ ಸಂಖ್ಯೆಯನ್ನು ಇಳಿಸಬೇಕಾಯಿತು.

ಬೆಂಗಳೂರಿನ ಕಥೆ ಕೋಲಾರದವರಿಗೆ ಇನ್ನೂ ಹತ್ತಿರದ್ದು. ಅನೇಕರು ದಿನವೂ ಆ ನಗರಕ್ಕೆ ಹೋಗಿಬರುವವರೇ. ೨೦೧೨ರಲ್ಲಿ ಜಯನಗರದಲ್ಲಿ ಸೈಕಲ್ ಪಥಗಳನ್ನು ಗುರುತಿಸಿದರು. ತಡೆಯಿಲ್ಲದ ಆ ಪಥಗಳಲ್ಲಿ ಕಾರುಗಳು ಬಂದು ನಿಂತವು. ಕೆಲವೇ ಕಾಲದಲ್ಲಿ ಪಥವೆಂಬುದು ನೆಲದ ಮೇಲಿನ ಬಣ್ಣವಾಗಿ ಮಾತ್ರ ಉಳಿಯಿತು. ಮುಂದೆ ೨೦೨೦ರಲ್ಲಿ ಹೊರವರ್ತುಲ ರಸ್ತೆಯ ಒಂದು ಭಾಗದಲ್ಲಿ ಸೈಕಲ್ ಪಥವನ್ನು ಮಾಡಿದಾಗ ಆ ಪಾಠವನ್ನು ನೆನೆದು ಉದ್ದಕ್ಕೂ ಕಂಬಗಳನ್ನು ನೆಟ್ಟರು. ಮೋಟಾರ್ ಸೈಕಲ್ಲುಗಳು ಆದರೂ ಒಳಗೆ ನುಗ್ಗಿದವು. ಹಲವು ಕಂಬಗಳು ವಾಹನಗಳ ಹೊಡೆತಕ್ಕೆ ಮುರಿದವು. ಮೆಟ್ರೊ ಕಾಮಗಾರಿ ಬಂದ ಮೇಲೆ ಪಥವೇ ಬಹುಮಟ್ಟಿಗೆ ಇಲ್ಲವಾಯಿತು. ಕಂಬವಿಲ್ಲದ ಪಥವನ್ನು ಕಾರುಗಳು ಕಿತ್ತುಕೊಂಡವು, ಕಂಬವಿದ್ದ ಪಥವನ್ನು ಮೋಟಾರ್ ಸೈಕಲ್ಲುಗಳು ಹಂಚಿಕೊಂಡವು. ಅದೇ ನಗರದ ಪಾದಚಾರಿ ಮಾರ್ಗಗಳಲ್ಲಿ ದ್ವಿಚಕ್ರ ವಾಹನಗಳನ್ನು ತಡೆಯಲು ಹತ್ತಿರ ಹತ್ತಿರ ನೆಟ್ಟ ಕಂಬಗಳ ಮುಂದೆ ಗಾಲಿಕುರ್ಚಿಯವರು ನಿಂತು ಪ್ರತಿಭಟಿಸಬೇಕಾಗಿ ಬಂದದ್ದೂ ಉಂಟು. ಇದರಿಂದ ತಿಳಿಯುವುದಿಷ್ಟೆ: ಕಂಬವು ಜನರ ಮನಸ್ಸಿನಲ್ಲಿಲ್ಲದ ಶಿಸ್ತನ್ನು ಒಂದು ಮಿತಿಯವರೆಗೆ ಮಾತ್ರ ತುಂಬಿಕೊಡಬಲ್ಲದು. ಆ ಮಿತಿಯನ್ನು ಮೀರಿ ಬಿಗಿದಂತೆಲ್ಲ ಅದು ಕಚ್ಚುವುದು ಬಡವನನ್ನೂ ಅಶಕ್ತನನ್ನೂ.

ಕಾನೂನು ಈ ವಿಷಯದಲ್ಲಿ ಹಿಂದುಳಿದಿಲ್ಲ. ಅಂಗವಿಕಲರನ್ನು ಕುರಿತ ೧೯೯೫ರ ಕಾಯಿದೆಯು ಗಾಲಿಕುರ್ಚಿಗಾಗಿ ಪಾದಚಾರಿ ಮಾರ್ಗದ ಅಂಚನ್ನು ಇಳಿಜಾರು ಮಾಡಬೇಕೆಂದು ಅಂದೇ ಹೇಳಿತ್ತು. ಅದರ ಸ್ಥಾನದಲ್ಲಿ ಬಂದ ೨೦೧೬ರ ಕಾಯಿದೆಯು ಇನ್ನೂ ಮುಂದೆ ಹೋಗಿ, ಸಾರ್ವಜನಿಕ ಕಟ್ಟಡವೆಂಬ ಮಾತಿನ ಅರ್ಥದೊಳಗೆ ಜನರು ಧಾರ್ಮಿಕ ಕಾರ್ಯಗಳಿಗೆಂದು ಸೇರುವ ಖಾಸಗಿ ಕಟ್ಟಡಗಳನ್ನೂ ಸೇರಿಸಿದೆ. ಕರ್ನಾಟಕದಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯವು ೨೦೨೦ರ ದಶಕದ ಆರಂಭದಲ್ಲಿ ನಡೆಯುವವರ ಮತ್ತು ಸೈಕಲ್ ಸವಾರರ ಹಕ್ಕುಗಳನ್ನು ಕುರಿತ ಮಸೂದೆಯೊಂದರ ಕರಡನ್ನು ಜನರ ಮುಂದಿಟ್ಟಿತು. ಕೊಯಮತ್ತೂರಿನ ಮೂಳೆತಜ್ಞ ಡಾ. ಎಸ್. ರಾಜಶೇಖರನ್ ಅವರು ೨೦೧೨ರಲ್ಲಿ ಹೂಡಿದ್ದ ಅರ್ಜಿಯ ವಿಚಾರಣೆಯಲ್ಲಿ, ಅಡೆತಡೆಯಿಲ್ಲದ, ಅಂಗವಿಕಲರಿಗೂ ಬಳಸಲು ಬರುವ ಪಾದಚಾರಿ ಮಾರ್ಗವು ಸಂವಿಧಾನದ ೨೧ನೆಯ ವಿಧಿಯು ಕೊಟ್ಟ ಬದುಕುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಮೇ ತಿಂಗಳಲ್ಲಿ ಸಾರಿತು. ಮುರಿದ ಮೂಳೆಗಳನ್ನು ಕೂಡಿಸುವ ವೈದ್ಯರೊಬ್ಬರು ಮೂಳೆ ಮುರಿಯುವ ರಸ್ತೆಗಳ ವಿಚಾರವನ್ನು ನ್ಯಾಯಾಲಯಕ್ಕೆ ಒಯ್ದದ್ದು ಗಮನಿಸತಕ್ಕದ್ದು. ರೋಗಕ್ಕೆ ಮದ್ದು ಕೊಟ್ಟು ಕೈತೊಳೆದುಕೊಳ್ಳದೆ ರೋಗದ ಮೂಲಕ್ಕೆ ಹೋಗುವುದೇ ನಿಜವಾದ ಚಿಕಿತ್ಸೆ.

ಆದರೆ ಕಾನೂನಿನ ಪುಟದಿಂದ ಕಂಬದ ಬುಡದವರೆಗಿನ ದೂರವು ದೊಡ್ಡದು. ಆ ದೂರವನ್ನು ಕ್ರಮಿಸಬೇಕಾದುದು ನಡತೆಯ ಮೂಲಕ. ಈ ಮಾತು ಜೈನ ಕುಟುಂಬಗಳನ್ನು ಎರಡು ಕಾರಣಗಳಿಂದ ವಿಶೇಷವಾಗಿ ತಟ್ಟುತ್ತದೆ. ವಾಹನವನ್ನು ತ್ಯಜಿಸಿದ ಮುನಿಗಳೂ ಸಾಧ್ವಿಯರೂ ಇಂದಿಗೂ ಇದೇ ಹೆದ್ದಾರಿಗಳ ಅಂಚಿನಲ್ಲಿ ಬರಿಗಾಲಿನಲ್ಲಿ ವಿಹರಿಸುತ್ತಾರೆ. ಬೆಂಗಳೂರಿನಿಂದ ಚೆನ್ನೈ ಕಡೆಗೆ ಹೊರಟವರು ಕೋಲಾರ ಸೀಮೆಯನ್ನು ಹಾಯುವುದುಂಟು. ವಯಸ್ಸಾದವರನ್ನೋ ಅಸ್ವಸ್ಥರನ್ನೋ ಗಾಲಿಕುರ್ಚಿಯಲ್ಲಿ ಕೂರಿಸಿ ಜೊತೆಯವರು ತಳ್ಳಿಕೊಂಡು ಹೋಗುವ ದೃಶ್ಯವೂ ಅಪರಿಚಿತವಲ್ಲ. ನಡೆಯುವವರ ದಾರಿ ಕೆಟ್ಟರೆ ಆ ಕಷ್ಟ ಮೊದಲು ಮುಟ್ಟುವವರಲ್ಲಿ ಅವರೂ ಸೇರಿದ್ದಾರೆ. ಎರಡನೆಯದಾಗಿ, ನಡೆಯುವವನು ತನ್ನ ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡಿ ಹೆಜ್ಜೆಯಿಡಬೇಕೆಂಬ ಈರ್ಯಾ ಸಮಿತಿಯ ಶಿಸ್ತು ಈ ಸಮಾಜಕ್ಕೆ ಎಳವೆಯಿಂದಲೇ ಪರಿಚಿತ. ಕಣ್ಣಿಗೆ ಬೀಳದ ಜೀವಿಗೂ ನೋವಾಗಬಾರದೆಂಬುದು ಅದರ ಆಶಯ. ಇಡುವ ಹೆಜ್ಜೆಯಲ್ಲಿ ಇಷ್ಟು ಎಚ್ಚರವಿರಬೇಕಾದರೆ, ನೆಡುವ ಕಂಬದಲ್ಲಿ ಅದಕ್ಕಿಂತ ಹೆಚ್ಚಿನ ಎಚ್ಚರವಿರಬೇಕು. ಹೆಜ್ಜೆ ಮರುಕ್ಷಣವೇ ಎದ್ದು ಮುಂದೆ ಹೋಗುತ್ತದೆ. ಕಂಬವು ಇಪ್ಪತ್ತು ವರ್ಷ ನಿಲ್ಲುತ್ತದೆ. ಕಂಬ ನೆಟ್ಟವನಲ್ಲಿ ದ್ವೇಷವಿರಲಿಲ್ಲ ನಿಜ; ಅಜಾಗರೂಕತೆಯಿತ್ತು. ಪ್ರಮಾದವನ್ನು ಹಿಂಸೆಯ ಮೂಲವಾಗಿ ಗುರುತಿಸುವ ಪರಂಪರೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ದೇವಾಲಯಗಳ ವಿಶ್ವಸ್ತ ಮಂಡಳಿಗಳು ಈ ದೃಷ್ಟಿಯಿಂದ ತಮ್ಮ ಬಾಗಿಲನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಕಾರು ಒಳಗೆ ಬಾರದಿರಲೆಂದು ಬಸದಿಯ ಮುಂದೆ ಕಟ್ಟಿದ ಸರಪಳಿಯು ಸಂಜೆಯ ಮಬ್ಬಿನಲ್ಲಿ ಮುದುಕಿಯೊಬ್ಬಳ ಕಾಲಿಗೆ ತೊಡರಬಹುದು. ಧರ್ಮಶಾಲೆಯ ಕಬ್ಬಿಣದ ಗೇಟನ್ನು ಮುಚ್ಚಿ ದಿಡ್ಡಿಬಾಗಿಲನ್ನಷ್ಟೇ ತೆರೆದಿಟ್ಟರೆ, ಎತ್ತರದ ಅದರ ಹೊಸ್ತಿಲು ಗಾಲಿಕುರ್ಚ್ಚಿಗೆ ಗೋಡೆಯೇ ಆಗುತ್ತದೆ. ಮಹಾವೀರ ಜಯಂತಿಯ ದಿನ, ಪರ್ಯುಷಣದ ದಿನಗಳಲ್ಲಿ ಶ್ರಾವಕರ ಕಾರುಗಳು ಪಕ್ಕದ ಪಾದಚಾರಿ ಮಾರ್ಗದ ಮೇಲೆ ಸಾಲಾಗಿ ನಿಂತರೆ, ಆ ಬೀದಿಯ ಹೂವಿನವಳೂ ಶಾಲೆಯ ಮಕ್ಕಳೂ ವಾಹನಗಳ ನಡುವೆ ಇಳಿದು ನಡೆಯಬೇಕಾಗುತ್ತದೆ. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಲಾರದ ವೃದ್ಧರಿಗಾಗಿ ಡೋಲಿಯ ವ್ಯವಸ್ಥೆಯುಂಟು. ಬೆಟ್ಟವನ್ನೇ ಹತ್ತಿಸಬಲ್ಲ ಸಮಾಜಕ್ಕೆ ಬೀದಿಯ ಬಾಗಿಲಿನ ಒಂದು ಗೇಣೆತ್ತರವು ದೊಡ್ಡ ಸಮಸ್ಯೆಯಾಗಬಾರದು. ಒಂದು ಇಳಿಜಾರು, ಗಾಲಿಕುರ್ಚಿ ಸಲೀಸಾಗಿ ಹೋಗುವಷ್ಟು ತೆರವು, ಕಂಬವಿರಲೇಬೇಕಾದರೆ ಅದರ ಮೇಲೊಂದು ಬಿಳಿಯ ಪಟ್ಟೆ — ಇವುಗಳ ವೆಚ್ಚವು ಒಂದು ದಿನದ ಪ್ರಭಾವನೆಯ ವೆಚ್ಚಕ್ಕಿಂತ ಕಡಿಮೆಯೇ.

ತಮ್ಮ ಬಾಗಿಲನ್ನು ಸರಿಪಡಿಸಿಕೊಂಡವರಿಗೆ ಊರಿನ ಬಾಗಿಲಿನ ಬಗ್ಗೆ ಮಾತನಾಡುವ ಅಧಿಕಾರ ಬರುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಂತಹ ಊರುಗಳಲ್ಲಿ ರಸ್ತೆಗಳು ಮುಂದಿನ ವರ್ಷಗಳಲ್ಲಿ ಇನ್ನಷ್ಟು ಅಗಲವಾಗಲಿವೆ. ಪಾದಚಾರಿ ಮಾರ್ಗಗಳು, ಉದ್ಯಾನಗಳು, ಕೆರೆಯ ದಂಡೆಯ ನಡಿಗೆಯ ಹಾದಿಗಳು ಬರಲಿವೆ. ಕಂಬ ನೆಟ್ಟ ಮೇಲೆ ಕೀಳಿಸುವುದಕ್ಕಿಂತ ನೆಡುವ ಮುನ್ನ ಅಂತರವನ್ನು ಗೊತ್ತುಮಾಡಿಸುವುದು ಸುಲಭ. ಅದಕ್ಕೆ ಬೇಕಾದುದು ನಾಲ್ಕೈದು ಜನರ ಒಂದು ಗುಂಪು, ಒಂದು ಅಳತೆಪಟ್ಟಿ, ಒಂದು ಗಾಲಿಕುರ್ಚಿ, ಒಂದು ಭಾರ ಹೊತ್ತ ಸೈಕಲ್ಲು. ಆ ಗುಂಪಿನಲ್ಲಿ ಗಾಲಿಕುರ್ಚಿಯನ್ನು ನಿತ್ಯ ಬಳಸುವವರೂ, ಸೈಕಲ್ಲಿನಲ್ಲಿ ಹಾಲು ತರುವವರೂ ಇರಲೇಬೇಕು. ಅವರಿಲ್ಲದೆ ಅವರ ಪರವಾಗಿ ಆಡಿದ ಮಾತು ಎಷ್ಟೇ ಸದುದ್ದೇಶದ್ದಾದರೂ ಅಳತೆ ತಪ್ಪುತ್ತದೆ. ನಗರಸಭೆಗೋ ಪುರಸಭೆಗೋ ಬರೆಯುವ ಅರ್ಜಿಯಲ್ಲಿ ಸ್ಥಳ, ಸಂದಿಯ ಅಳತೆ, ತಡೆಗೊಳಗಾದವರು ಯಾರು, ಕೋರುವ ತಿದ್ದುಪಡಿ ಏನು ಎಂಬ ನಾಲ್ಕು ವಿಷಯಗಳಿದ್ದರೆ ಸಾಕು. ಎಂಜಿನಿಯರರನ್ನು ನಿಂದಿಸುವ ವಾಕ್ಯ ಒಂದೂ ಬೇಡ. ಅವರನ್ನೇ ಸ್ಥಳಕ್ಕೆ ಕರೆದು, ಗಾಲಿಕುರ್ಚಿಯಲ್ಲಿ ಕುಳಿತು ಒಮ್ಮೆ ಆ ಸಂದಿಯನ್ನು ದಾಟಿ ನೋಡುವಂತೆ ವಿನಂತಿಸಿದರೆ ಹತ್ತು ಅರ್ಜಿಗಳ ಕೆಲಸವಾಗುತ್ತದೆ.

ಇದಕ್ಕೆ ಪ್ರಾಮಾಣಿಕವಾದ ಒಂದು ಆಕ್ಷೇಪ ಬರುತ್ತದೆ. ಸಂದಿಯನ್ನು ಅಗಲ ಮಾಡಿದರೆ ಮೋಟಾರ್ ಸೈಕಲ್ಲುಗಳು ಬರುತ್ತವೆ, ಆಗ ನಡೆಯುವ ಮುದುಕರಿಗೇ ಅಪಾಯವಲ್ಲವೇ ಎಂದು ಕೇಳುತ್ತಾರೆ. ಕೇಳುವವರಲ್ಲಿ ಅನೇಕರು ಆ ಮುದುಕರೇ ಆಗಿರುತ್ತಾರೆ. ಅವರ ಭಯವನ್ನು ಹಗುರಾಗಿ ಕಾಣುವಂತಿಲ್ಲ. ಬಂದ ಮೋಟಾರ್ ಸೈಕಲ್ಲಿಗೆ ದಂಡ ವಿಧಿಸುವುದು, ಅಂಗಡಿಯವರೂ ಕಾವಲುಗಾರರೂ ತಡೆದು ಹೇಳುವುದು, ಮುಖ್ಯ ರಸ್ತೆಯ ತಿರುವುಗಳನ್ನು ಸರಿಪಡಿಸಿ ಒಳನುಗ್ಗುವ ಆಸೆಯನ್ನೇ ಕಡಿಮೆ ಮಾಡುವುದು, ಇವೆಲ್ಲ ನಿಧಾನವಾದ, ಪ್ರತಿದಿನವೂ ಮಾಡಬೇಕಾದ ಕೆಲಸಗಳು. ಕಂಬ ನೆಡುವುದು ಒಂದು ದಿನದ ಕೆಲಸ. ಅದರಿಂದಲೇ ಅದು ಎಲ್ಲರಿಗೂ ಪ್ರಿಯ. ಶ್ರಮವನ್ನು ಉಳಿಸಿಕೊಳ್ಳಲು ಒಬ್ಬನ ದಾರಿಯನ್ನು ಮುಚ್ಚಿದ್ದೇವೆಂಬ ಅರಿವು ಆಡಳಿತಕ್ಕೂ ಊರಿಗೂ ಬಂದಾಗ ಆ ಶ್ರಮಕ್ಕೆ ಜನ ಸಿದ್ಧರಾಗುತ್ತಾರೆ. ಇನ್ನು, ಮೋಟಾರ್ ಸೈಕಲ್ಲನ್ನು ಪಾದಚಾರಿ ಮಾರ್ಗದ ಮೇಲೆ ಓಡಿಸುವವರು ಎಲ್ಲಿಂದಲೋ ಬಂದವರಲ್ಲ. ಅವರು ಯಾವುದೋ ಮನೆಯ ಮಕ್ಕಳೇ; ಆ ಮನೆಗಳಲ್ಲಿ ಊಟದ ಹೊತ್ತಿಗೆ ಈ ಮಾತು ಬಂದರೆ ಅಷ್ಟು ಕಂಬಗಳು ಕಡಿಮೆಯಾದವು.

ಬೇಲಿಯಲ್ಲಿ ಉಣಗೋಲನ್ನು ಇಟ್ಟ ರೈತನು ನೀತಿಶಾಸ್ತ್ರವನ್ನು ಓದಿದವನಲ್ಲ. ತನ್ನ ಹೊಲವನ್ನು ಕಾಯಬೇಕೆಂದೂ, ಅದರ ಮಗ್ಗುಲಿನ ಹಾದಿಯಲ್ಲಿ ನಡೆಯುವವರನ್ನು ನಿಲ್ಲಿಸಬಾರದೆಂದೂ ಅವನಿಗೆ ಏಕಕಾಲದಲ್ಲಿ ತೋರಿತು. ಎರಡಕ್ಕೂ ಹೊಂದುವ ಗಳುವನ್ನು ಹುಡುಕಿ ಕಡಿದು ತಂದನು. ಪೇಟೆಯ ಬೀದಿಗೂ ಬಸದಿಯ ಬಾಗಿಲಿಗೂ ಕಂಬ ನೆಡುವವರಿಂದ ಇದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳುತ್ತಿಲ್ಲ. ಗುಂಡಿ ತೋಡುವ ಮುನ್ನ ಒಂದು ಗಳಿಗೆ ನಿಂತು, ಈ ದಾರಿಯಲ್ಲಿ ದಿನವೂ ಬರುವವರ ಪೈಕಿ ಎಲ್ಲರಿಗಿಂತ ಹೆಚ್ಚು ಜಾಗ ಬೇಕಾದವರು ಯಾರು, ಎಲ್ಲರಿಗಿಂತ ಕಡಿಮೆ ಬಲವುಳ್ಳವರು ಯಾರು ಎಂದು ವಿಚಾರಿಸಿಕೊಳ್ಳಲಿ. ಅವರು ದಾಟಿ ಹೋಗುವಷ್ಟು ಅಂತರವನ್ನು ಅಳೆದು ಗುರುತು ಹಾಕಿದ ಮೇಲೆ ಗುದ್ದಲಿಯನ್ನು ಎತ್ತಲಿ.